ಗಿಡ್ಡ ತೋಟಾ ತುಂಬಿದ ಹಿಂಗಾರು

ನಾನು ಪತ್ತಾರ. ಮೂಗುತಿ, ಬೋರಮಾಳ, ಕಾಲುಂಗುರ ಮಾಡಿಕೊಂಡು ಹೊಟ್ಟೆ ಹೊರೆದವನು. ಬಂದೂಕನ್ನು ಗೌಡರ ಮನೆಯ ಗೋಡೆಯ ಮೇಲೆ ನೋಡಿದ್ದೆನೇ ಹೊರತು ಕೈಯಲ್ಲಿ ಹಿಡಿದವನಲ್ಲ. ಅಂಥವನು ನಲವತ್ತೇಳರ ದೀಪಾವಳಿ ಮುಗಿದದ್ದೇ ತೋಟಾ ತುಂಬಲು ಕುಳಿತೆ. ಕಾಡತೂಸಿಗೆ ನಮ್ಮ ಕಡೆ ತೋಟಾ ಎನ್ನುತ್ತಾರೆ. ಹಿತ್ತಾಳೆಯ ತಳ, ಅದರ ಮೇಲೆ ದಪ್ಪ ಕಾಗದದ ಕೊಳವೆ, ಒಳಗೆ ಮದ್ದು ಮತ್ತು ಛರ್ರೆ ಎನ್ನುವ ಸೀಸದ ಸಣ್ಣ ಗುಂಡು. ಒಮ್ಮೆ ಹಾರಿಸಿದರೆ ಮುಗಿಯಿತು, ಬಿಸಾಡಬೇಕು. ಬಿಸಾಡುವಂಥದ್ದನ್ನು ಮತ್ತೆ ತುಂಬುವುದೇ ನನ್ನ ಪಾಲಿಗೆ ಬಂದ ಕೆಲಸ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಗೆ. ಈ ದಂಡೆ ನಿಜಾಮ ಸರ್ಕಾರದ್ದು, ಆ ದಂಡೆ ಆಗಷ್ಟೇ ಸ್ವತಂತ್ರವಾದ ದೇಶದ್ದು. ಹೊಳೆಸಾಲಿನ ಜಾಲಿಯ ಕಂಟಿಗಳಲ್ಲಿ ಕಾಡುಹಂದಿಗಳು ಬೇಕಾದಷ್ಟಿದ್ದವು. ಹಿಂಗಾರು ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಅವು ಮಂದಿಗಿಂತ ಮೊದಲು ಸುಗ್ಗಿ ಮಾಡುತ್ತಿದ್ದವು. ಅದಕ್ಕೆಂದೇ ಊರಿಗೊಂದು ಬಂದೂಕಿತ್ತು. ಲೈಸೆನ್ಸು ಗೌಡರ ಹೆಸರಿನಲ್ಲಿ, ಕಾವಲು ಊರೆಲ್ಲ ಚಾಚಾ ಎಂದು ಕರೆಯುವ ಮುದುಕ ಸಾಬರ ಕೈಯಲ್ಲಿ. ಇಪ್ಪತ್ತು ವರ್ಷದಿಂದ ಚಾಚಾರೇ ಹೊಲ ಕಾಯುತ್ತಿದ್ದರು. ರಾಶಿಯ ದಿನ ಪ್ರತಿ ಕಣದಿಂದ ಅವರ ಮನೆಗೆ ಒಂದಿಷ್ಟು ಜೋಳ ಹೋಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಅದರಲ್ಲೇ ವರ್ಷ ದೂಡುತ್ತಿದ್ದರು.

ತೋಟಾ ಬರುತ್ತಿದ್ದದ್ದು ಸೊಲ್ಲಾಪುರದಿಂದ. ಆ ವರ್ಷ ಗಡಿಯಲ್ಲಿ ತಪಾಸಣೆ ಬಿಗಿಯಾಗಿ ಸೀಮೆಎಣ್ಣೆ, ಉಪ್ಪು ಬರುವುದೇ ಕಷ್ಟವಾಗಿತ್ತು. ಇನ್ನು ತೋಟಾ ಯಾರು ತರುತ್ತಾರೆ? ನನ್ನ ಅಂಗಡಿಯೂ ತಣ್ಣಗಿತ್ತು. ಇದ್ದ ಬಂಗಾರವನ್ನೇ ಮಂದಿ ನೆಲದಲ್ಲಿ ಹೂಳುತ್ತಿದ್ದ ಕಾಲದಲ್ಲಿ ಹೊಸ ಒಡವೆ ಮಾಡಿಸುವವರು ಯಾರು? ಅಗ್ಗಿಷ್ಟಿಗೆಯಲ್ಲಿ ಬೂದಿ ಕೆದಕುತ್ತಾ ಕೂತಿದ್ದಾಗ ಗೌಡರು ಚಾಚಾರನ್ನು ಕರೆದುಕೊಂಡು ಬಂದರು. ಚಾಚಾರ ಕೈಯಲ್ಲಿ ಹಾರಿಸಿದ ತೋಟಾಗಳಿದ್ದ ಒಂದು ಮಣ್ಣಿನ ಗಡಿಗೆ.

"ಪತ್ತಾರ, ಇವನ್ನ ತುಂಬಿ ಕೊಡಾಕ ಆಗ್ತದೇನು?" ಎಂದರು ಗೌಡರು. "ನಮ್ಮ ಅಪ್ಪನ ಕಾಲದಾಗ ಮನ್ಯಾಗೇ ತುಂಬ್ತಿದ್ರು. ಮದ್ದು ಒಂದ್ ಡಬ್ಬಿ ಉಳದದ, ಟೋಪಿ ಅದಾವ. ತುಂಬೋ ಸಾಮಾನ ಕಳದು ಹೋಗ್ಯಾವ."

"ನಾ ಬಂಗಾರದಂವ ರೀ ಗೌಡ್ರ. ಬಂದೂಕಿನ ಕೆಲಸ ನಂಗೇನ್ ಗೊತ್ತು?"

"ಸಣ್ಣ ಕೆಲಸ ಮಾಡೋ ಕೈ ಊರಾಗ ನಿಂದೊಂದೇ ಅದ. ನೋಡು, ಚಾಚಾನ ಎದುರಿಗೇ ಹೇಳ್ತೀನಿ. ತೋಟಾ ಆದ್ರ ಕಾವಲು ಚಾಚಾಂದು. ಆಗಲಿಲ್ಲ ಅಂದ್ರ ಜೇವರ್ಗಿಯಿಂದ ನಮ್ಮ ಅಳಿಯನ್ನ ಕರಸ್ತೀನಿ. ಅಂವಾ ಎಲ್ಲಿಂದರೆ ತೋಟಾ ತರ್ತಾನ. ಬಂದೂಕ ಅವನ ಕೈಯಾಗ ಹೋಗ್ತದ."

ಮಾತಿನ ಹಿಂದೆ ಇನ್ನೊಂದು ಮಾತಿತ್ತು, ಮೂವರಿಗೂ ಗೊತ್ತಿತ್ತು. ಕಾಲ ಕೆಟ್ಟಿತ್ತು, ನಿಜಾಮನ ಪರ ಹತ್ಯಾರು ಹಿಡಿದವರು ಹಳ್ಳಿಗಳಿಗೆ ನುಗ್ಗುತ್ತಿದ್ದರು. ನಾಲ್ಕು ಜನ ಕಟ್ಟೆಯ ಮೇಲೆ ಕೂತು, ಇಂಥ ಹೊತ್ತಿನಲ್ಲಿ ಊರ ಬಂದೂಕು ಒಬ್ಬ ಸಾಬರ ಕೈಯಲ್ಲಿ ಯಾಕಿರಬೇಕು ಎಂದು ಗೌಡರ ಕಿವಿಯಲ್ಲಿ ಊದುತ್ತಿದ್ದರು. ಗೌಡರು ಕೆಟ್ಟವರಲ್ಲ. ಆದರೆ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿಬ್ಬರು, ದಿನಕ್ಕೊಂದು ಸುದ್ದಿ. ಹೆದರಿದ ಮನುಷ್ಯ ಯಾವ ಕಡೆ ವಾಲುತ್ತಾನೆಂದು ಹೇಳಲಾಗುವುದಿಲ್ಲ. ಚಾಚಾ ಗಡಿಗೆಯನ್ನು ನನ್ನ ಮುಂದಿಟ್ಟರು. ಅವರ ಮುಖ ನೋಡಿ ನನಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಗಡಿಗೆಯಲ್ಲಿದ್ದವು ಸಾಲಲಿಲ್ಲ. ಉಳಿದವು ಊರ ಹೆಂಗಸರ ಹತ್ತಿರವಿದ್ದವು. ತೋಟಾ ಹಾರಿಸಿದ ಮೇಲೆ ಖಾಲಿ ಕೊಳವೆಯನ್ನು ಚಾಚಾ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತಿದ್ದರು. ಒಬ್ಬಳು ಅದರಲ್ಲಿ ಸೂಜಿ ಇಟ್ಟಿದ್ದಳು, ಒಬ್ಬಳು ಕುಂಕುಮ, ಎಲೆ ಅಡಿಕೆ ತಿನ್ನುವ ಮುದುಕಿಯರೆಲ್ಲ ಸುಣ್ಣ. ಮನೆಮನೆಗೆ ಹೋಗಿ ಬೇಡಿದೆ. ಒಬ್ಬ ಅಜ್ಜಿಯಂತೂ ಜಗಳಕ್ಕೇ ನಿಂತಳು.

"ನನ್ನ ಸುಣ್ಣದ ಡಬ್ಬಿ ಒಯ್ದ್ರ ನಾ ಎಲಿ ಹ್ಯಾಂಗ ತಿನ್ಲಿ? ನಿಮ್ಮ ಹಂದಿ ಹೊಡ್ಯಾಕ ನನ್ನ ಬಾಯಿ ಬಂದ್ ಮಾಡ್ತೀ ಏನು?"

ಹಿತ್ತಾಳೆಯದೊಂದು ಸಣ್ಣ ಕರಡಿಗೆ ಮಾಡಿಕೊಡುತ್ತೇನೆಂದು ಒಪ್ಪಿಸಿ ತಂದೆ. ತಂದು ನೋಡಿದರೆ ಸುಣ್ಣ ತುಂಬಿದವುಗಳ ಕಾಗದವನ್ನೆಲ್ಲ ಸುಣ್ಣವೇ ತಿಂದಿತ್ತು. ಒಂದಕ್ಕೂ ಬಾರದ ಡಬ್ಬಿಗೆ ಕರಡಿಗೆ ದಂಡ. ಕೊನೆಗೆ ಕೆಲಸಕ್ಕೆ ಬರುವಂಥವು ಮೂವತ್ತೊಂದು ಸಿಕ್ಕವು.

ಮೊದಲ ಕೆಲಸ ಸತ್ತ ಟೋಪಿ ತೆಗೆಯುವುದು. ತೋಟಾದ ತಳದ ನಡುವೆ ತಾಮ್ರದ ಸಣ್ಣ ಟೋಪಿ ಕೂತಿರುತ್ತದೆ. ಬಂದೂಕಿನ ಕುದುರೆ ಬಿದ್ದಾಗ ಕಿಡಿ ಕೊಡುವುದು ಅದೇ. ಒಮ್ಮೆ ಕಿಡಿ ಕೊಟ್ಟ ಟೋಪಿಯನ್ನು ಒಳಗಿನಿಂದ ಚುಚ್ಚಿ ಹೊರಗೆ ತಳ್ಳಬೇಕು. ಬೇವಿನ ತುಂಡಿಗೆ ತೂತು ಕೊರೆದು, ಅದರ ಮೇಲೆ ತೋಟಾ ನಿಲ್ಲಿಸಿ, ಉಕ್ಕಿನ ಮೊಳೆ ಇಳಿಬಿಟ್ಟು ಮೆಲ್ಲಗೆ ಬಡಿದೆ. ಮೊದಲ ಮೊಳೆ ಬಾಗಿತು, ಎರಡನೆಯದು ಮುರಿಯಿತು. ಬಂಗಾರ ಬಡಿದ ಕೈಗೆ ಉಕ್ಕಿನ ಹದ ತಿಳಿಯಲು ಒಂದು ದಿನ ಹಿಡಿಯಿತು. ಮೂರನೆಯ ಮೊಳೆಯನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ಮೇಲೆ ಟೋಪಿಗಳು ಟಕ್ ಟಕ್ ಎಂದು ಉದುರಿದವು.

ಆಮೇಲೆ ತಿಳಿಯಿತು, ಹಳೆಯ ತೋಟಾಗಳು ಬಂದೂಕಿನೊಳಗೇ ಹೋಗುವುದಿಲ್ಲ ಎಂದು. ಮಳೆಗಾಲದ ತಂಪಿಗೆ ಕಾಗದ ಉಬ್ಬಿತ್ತು. ಇದು ಮಾತ್ರ ನನ್ನ ಕಸುಬಿಗೆ ಹತ್ತಿರದ ಕೆಲಸ. ಬೆರಳಿನ ಅಳತೆ ತೆಗೆದು ಉಂಗುರ ಮಾಡುವವನಿಗೆ ನಳಿಗೆಯ ಅಳತೆ ತೆಗೆಯುವುದು ಯಾವ ಮಹಾ? ನಳಿಗೆಯ ಬಾಯಿಗೆ ಸರಿಯಾಗಿ ಹಿತ್ತಾಳೆಯದೊಂದು ದಪ್ಪ ಉಂಗುರ ಎರಕ ಹೊಯ್ದೆ. ತೋಟಾಕ್ಕೆ ಜೇನುಮೇಣ ಸವರಿ, ಒಳಗೊಂದು ಕಟ್ಟಿಗೆಯ ಗೂಟ ಕೊಟ್ಟು, ಉಂಗುರದೊಳಗಿಂದ ತಿರುವುತ್ತಾ ಎಳೆದರೆ ಉಬ್ಬು ಇಳಿಯುತ್ತಿತ್ತು. ಚಾಚಾ ಒಂದನ್ನು ಬಂದೂಕಿಗೆ ಹಾಕಿ ನೋಡಿ, "ಪತ್ತಾರ, ಬೀಗರ ಮನೀಗಿ ಬಂದಂಗ ಒಳಗ ಹೊಂಟ್ತು" ಎಂದು ನಕ್ಕರು. ಅವರು ಆ ವಾರದಲ್ಲಿ ನಕ್ಕದ್ದು ಅದೇ ಮೊದಲು.

ಸೀಸವನ್ನು ಬೆಸ್ತರ ಹರಿದ ಬಲೆಗಳಿಂದ ಬಿಚ್ಚಿ ತಂದೆವು. ತೂತಿನ ಸೌಟಿನಿಂದ ಕರಗಿದ ಸೀಸವನ್ನು ನೀರಿಗೆ ಬಿಟ್ಟರೆ ಹನಿಹನಿಯಾಗಿ ಛರ್ರೆ ಆಗಬೇಕು. ನನ್ನವು ಬಾಲ ಹೊತ್ತುಕೊಂಡು ಆದವು. ಬಕೆಟ್ಟಿನೊಳಗೆ ಇಣುಕಿದ ಚಾಚಾ, "ಇವು ಛರ್ರೆ ಅಲ್ಲೋ, ಕಪ್ಪಿ ಮರಿ" ಎಂದರು. ಸೌಟನ್ನು ನೀರಿಗೆ ಹತ್ತಿರ ತಂದು, ನೀರನ್ನು ಬೆಚ್ಚಗೆ ಮಾಡಿ ಮತ್ತೆ ಬಿಟ್ಟೆ. ಬಾಲ ಗಿಡ್ಡವಾಯಿತು. ಉಳಿದ ಸೊಟ್ಟವನ್ನು ಎರಡು ನುಣುಪಾದ ಪರಸಿ ಕಲ್ಲಿನ ನಡುವೆ ಇಟ್ಟು ಉರುಳಿಸಿದೆ. ಎಷ್ಟು ಉರುಳಿಸಿದರೂ ಒಂದು ಬದಿ ಚಪ್ಪಟೆ ಉಳಿಯುತ್ತಿತ್ತು. ಮುತ್ತು ಪೋಣಿಸುವವನ ಕಣ್ಣಿಗೆ ಅದು ಚುಚ್ಚುತ್ತಿತ್ತು, ಆದರೆ ಹಂದಿ ನೋಡಿ ಬೈಯುವುದಿಲ್ಲ ಎಂದು ಚಾಚಾ ಸಮಾಧಾನ ಹೇಳಿದರು.

ಮದ್ದನ್ನು ಎಳೆಬಿಸಿಲಿಗೆ ಹರಡಿ ಒಣಗಿಸಿ, ಬಂಗಾರದ ತ್ರಾಸಿನಲ್ಲಿ ಗುಲಗಂಜಿ ಇಟ್ಟು ತೂಗಿದೆ. ಎಷ್ಟು ಗುಲಗಂಜಿ ಎಂದು ಗೌಡರ ತಂದೆ ಮದ್ದಿನ ಡಬ್ಬಿಯ ಮುಚ್ಚಳಕ್ಕೆ ಗೀರು ಹಾಕಿಟ್ಟಿದ್ದರು. ಆ ಹಿರಿಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆ ದಿನಗಳಲ್ಲಿ ಅಗ್ಗಿಷ್ಟಿಗೆಯನ್ನು ಹಿತ್ತಲಿಗೆ ಒಯ್ದಿದ್ದೆ, ಚಿಲುಮೆ ಸೇದುವವರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮದ್ದಿನ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಹಳೆಯ ಕಂಬಳಿಯಿಂದ ಕತ್ತರಿಸಿದ ಬಿಲ್ಲೆ, ಆಮೇಲೆ ಛರ್ರೆ, ಕೊನೆಗೆ ತೆಳು ರಟ್ಟು. ಇಷ್ಟಾದ ಮೇಲೆ ಕಾಗದದ ಅಂಚನ್ನು ಒಳಕ್ಕೆ ಸುರುಳಿ ಮಡಚಿ ಬಾಯಿ ಕಟ್ಟಬೇಕು. ಅಲ್ಲಿ ಸಿಕ್ಕಿಬಿದ್ದೆ.

ಹಾರಿಸಿದ ತೋಟಾದ ಬಾಯಿ ಸುಟ್ಟಿರುತ್ತದೆ. ಮಡಚಲು ಹೋದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಜೇನುಮೇಣ ಹಚ್ಚಿ ಹೇಗೋ ಮೂರನ್ನು ಮುಚ್ಚಿ ಚಾಚಾರ ಕೈಗೆ ಕೊಟ್ಟೆ. ಮರುದಿನ ಅವರು ಬಂದು ಅಂಗಿಯ ಜೇಬನ್ನು ನನ್ನ ಮುಂದೆ ಬೋರಲಿಸಿದರು. ಛರ್ರೆ ಗಲಗಲ ಸುರಿದವು. ಹೊಲಕ್ಕೆ ನಡೆದು ಹೋಗುವಷ್ಟರಲ್ಲಿ ಬಿಸಿಲಿಗೆ ಮೇಣ ಕರಗಿ ಎರಡು ಬಾಯಿ ಬಿಟ್ಟಿದ್ದವು. ಮೂರನೆಯದನ್ನು ಹಾರಿಸಿದಾಗ ಬರೀ ಸದ್ದು. ಛರ್ರೆ ಮೊದಲೇ ನಳಿಗೆಯಿಂದ ಜಾರಿ ಅವರ ಕಾಲ ಬುಡದಲ್ಲಿ ಬಿದ್ದಿದ್ದವು.

"ಹಂದಿ ನಿಂತು ನನ್ನ ಮಾರಿ ನೋಡ್ತು ಪತ್ತಾರ. ನಂಗ ನಾಚ್ಕಿ ಬಂತು."

ನನಗೆ ರೋಷ ಬಂತು. ಯಾವ ಪತ್ತಾರನಿಗಾದರೂ, ಒಂದು ವಸ್ತು ಗಟ್ಟಿಯಾಗಿ ಕೂರುತ್ತಿಲ್ಲ ಎಂದರೆ, ಕೈ ತಾನಾಗಿ ಹೋಗುವುದು ಅರಗಿಗೆ. ಪೊಳ್ಳು ಬಳೆಗೆ ಅರಗು, ಗುಂಡಿನ ಸರಕ್ಕೆ ಅರಗು, ಕಲ್ಲು ಕೂರಿಸಲು ಅರಗು. ಮದ್ದು ತುಂಬಿದ ತೋಟಾದ ಹತ್ತಿರ ಬೆಂಕಿ ತರಲಾಗದು, ಆದ್ದರಿಂದ ಅರಗನ್ನು ದೂರದಲ್ಲಿ ಕರಗಿಸಿ, ಕಡ್ಡಿಯ ತುದಿಯಲ್ಲಿ ತಂದು, ಮೇಲಿನ ರಟ್ಟು ಬಿಟ್ಟು, ಛರ್ರೆಯ ಮೇಲೂ ಕಾಗದದ ಅಂಚಿಗೂ ಸೇರಿಸಿ ಸುರಿದೆ. ಅದು ಛರ್ರೆಯ ಸಂದುಗಳಿಗೂ ಇಳಿದು ಕಲ್ಲಾಯಿತು. ಹತ್ತು ತೋಟಾ. ಕೆಂಪು ಬಾಯಿ, ನುಣುಪು. ನೆಲಕ್ಕೆ ಕುಕ್ಕಿದರೂ ಬಿರುಕಿಲ್ಲ. ಗೌಡರ ಮುಂದೆ ಸಾಲಾಗಿ ನಿಲ್ಲಿಸಿದಾಗ ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆಗೆ ಮೂವರೂ ಹಳ್ಳದ ಕಡೆ ಹೋದೆವು. ಮಧ್ಯಾಹ್ನದ ಹೊತ್ತು. ದೊಡ್ಡ ಜಾಲಿ ಗಿಡವೊಂದರ ಮುಂದೆ ಜೋಳದ ದಂಟಿನ ತಟ್ಟಿ ನಿಲ್ಲಿಸಿದೆವು. ನಲವತ್ತು ಹೆಜ್ಜೆ ದೂರದಿಂದ ಹಾರಿಸಿದರೆ ತಟ್ಟಿಯ ತುಂಬ ಸಣ್ಣ ಸಣ್ಣ ತೂತು ಬೀಳಬೇಕು. ಚಾಚಾ ಗುರಿ ಹಿಡಿದು ಹಾರಿಸಿದರು. ಹಿಂದೆಂದೂ ಕೇಳದಂಥ ಸದ್ದಾಯಿತು, ಬಂದೂಕು ಚಾಚಾರ ಭುಜಕ್ಕೆ ಒದ್ದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಹೋಗಿ ನೋಡಿದರೆ ತಟ್ಟಿಯಲ್ಲಿ ತೂತು ಒಂದೇ. ನನ್ನ ಹೆಬ್ಬೆರಳು ಹೋಗುವಷ್ಟು. ಅದರ ಹಿಂದಿನ ಜಾಲಿಯ ಬೊಡ್ಡೆ ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು.

ಚಾಚಾ ಬಂದೂಕನ್ನು ಕೀಲಿನಲ್ಲಿ ಬಾಗಿಸಿ ತೋಟಾ ತೆಗೆದರು. ಕೈಗೆ ಬಂದದ್ದು ಹಿತ್ತಾಳೆಯ ತಳ ಮಾತ್ರ, ಅದರ ಅಂಚಿನಲ್ಲಿ ಹರಿದ ಕಾಗದ. ಆಗ ತಿಳಿಯಿತು. ತೋಟಾದ ಬಾಯಿ ಬಿಚ್ಚಿ ಛರ್ರೆಯನ್ನು ಹೊರಗೆ ಬಿಡಬೇಕು. ನಾನು ಬಿಚ್ಚದಂತೆ ಕಟ್ಟಿದ್ದೆ. ಹಿತ್ತಾಳೆಗೆ ತಾಗಿದ ಜಾಗದಲ್ಲಿ ಕಾಗದ ಹಳೆಯ ಬೆಂಕಿಗೆ ಸೋತಿತ್ತು. ಅಲ್ಲಿಂದ ಕಿತ್ತು, ಕಾಗದ, ಅರಗು, ಛರ್ರೆ ಎಲ್ಲ ಸೇರಿ ಒಂದೇ ಮುದ್ದೆಯಾಗಿ ಹಾರಿಹೋಗಿತ್ತು. ನಳಿಗೆ ಒಡೆದು ಚಾಚಾರ ಕೈ ಹೋಗಲಿಲ್ಲ ಎಂಬುದೇ ದೊಡ್ಡದು.

ಗೌಡರು ಮಾತ್ರ ಆ ಸೀಳಿನೊಳಗೆ ಬೆರಳು ಆಡಿಸುತ್ತಾ ನಿಂತಿದ್ದರು.

"ಪತ್ತಾರ, ಇಂಥವೇ ಮಾಡು. ಎಲ್ಲಾ ಇಂಥವೇ."

"ತಪ್ಪಾಗ್ಯದ ರೀ ಗೌಡ್ರ. ಇದು ತೋಟಾ ಆಗಲಿಲ್ಲ."

"ನಂಗ ಇದೇ ಬೇಕು. ಹಂದಿ ಹ್ಯಾಂಗೂ ಸಾಯ್ತಾವ. ನಾಳಿ ಬಾಗಿಲಿಗಿ ಯಾರರೆ ಬಂದ್ರು ಅಂದ್ರ ಛರ್ರೆ ತಗೊಂಡು ಏನ್ ಮಾಡ್ಲಿ?"

ಚಾಚಾ ಬಂದೂಕನ್ನು ನೆಲಕ್ಕೂರಿ ನಿಧಾನವಾಗಿ ಹೇಳಿದರು: "ಗೌಡ್ರ, ನಾ ಜ್ವಾಳದಾಗ ಹಂದಿ ನೋಡಿ ಹೊಡ್ಯಾಂಗಿಲ್ಲ, ಸಪ್ಪಳ ಕೇಳಿ ಹೊಡೀತೀನಿ. ಛರ್ರೆ ಎಲ್ಲಿ ಮಟ ಹೋಗ್ತದ, ಎಷ್ಟು ಉರೀತದ, ನಂಗ ಗೊತ್ತದ. ಇದು ಎಲ್ಲಿಗಿ ಹೋಗ್ತದಂತ ಅಲ್ಲಾಗೇ ಗೊತ್ತು. ಇದನ್ನ ನಾ ಹಾರ್ಸಾಂಗಿಲ್ಲ ರೀ."

"ಹಾರ್ಸಲಿಲ್ಲ ಅಂದ್ರ ಹಾರ್ಸೋರು ಜೇವರ್ಗ್ಯಾಗ ಅದಾರ," ಎಂದು ಗೌಡರು ತಿರುಗಿ ಊರ ಕಡೆ ನಡೆದರು.

ನಾನು ಚಾಚಾ ಅಲ್ಲೇ ಕೂತೆವು. ಮನೆಯಲ್ಲಿ ಒಂಬತ್ತು ಅರಗಿನ ತೋಟಾ, ಇಪ್ಪತ್ತೊಂದು ಖಾಲಿ ಇದ್ದವು. ಗೌಡರು ಹೇಳಿದಂತೆ ಮಾಡಿದರೆ ಚಾಚಾ ಬಂದೂಕು ಬಿಡುತ್ತಾರೆ. ಮಾಡದಿದ್ದರೆ ಗೌಡರು ಕಿತ್ತುಕೊಳ್ಳುತ್ತಾರೆ. ಎರಡು ಕಡೆಯಿಂದಲೂ ಆ ಗಂಡ ಹೆಂಡತಿಯ ಜೋಳಕ್ಕೇ ಕಲ್ಲು. ಗೌಡರ ಮೇಲೆ ನನಗೆ ಸಿಟ್ಟು ಬಂದಿತ್ತು, ಆದರೆ ಅವರ ಹೆದರಿಕೆ ಸುಳ್ಳೆಂದು ಹೇಳುವ ಧೈರ್ಯವೂ ನನಗಿರಲಿಲ್ಲ. ನನಗೂ ಮನೆಯಿತ್ತು, ಬಾಗಿಲಿತ್ತು.

ಮನೆಗೆ ಬಂದು ಅರಗಿನ ತೋಟಾ ಒಂದನ್ನು ಬಿಚ್ಚಲು ಕೂತೆ. ಅರಗು ಬಿಡಿಸುವುದೆಂದರೆ ಕಾಯಿಸುವುದು. ಒಳಗೆ ಮದ್ದಿರುವಾಗ ಅದು ಆಗದ ಮಾತು. ಉಳಿದದ್ದು ಕತ್ತರಿಸುವ ದಾರಿ. ಎಣ್ಣೆಗಲ್ಲಿಗೆ ಮಸೆದ ತೆಳು ಚೂರಿಯಿಂದ ಅರಗಿನ ಕೆಳಗೆ ಸುತ್ತ ಗೀರಿ ಬಾಯಿಯನ್ನೇ ತೆಗೆದೆ. ನೋಡಿದರೆ ಕೆಳಗಿನ ಕಾಗದ ಗಟ್ಟಿಯಾಗಿತ್ತು, ಸುಟ್ಟಿರಲಿಲ್ಲ. ಉಗುರಿನಿಂದ ಒಳಕ್ಕೆ ಒತ್ತಿದರೆ ಹೊಸದರಂತೆ ಸುರುಳಿ ಮಡಚಿಕೊಂಡಿತು. ಇದಕ್ಕೆ ಮೇಣವೂ ಬೇಡ, ಅರಗೂ ಬೇಡ. ತೋಟಾ ಗಿಡ್ಡವಾಗುತ್ತದೆ, ಅಷ್ಟೆ. ಮೊದಲಿನ ಅರ್ಧದಷ್ಟೇ ಛರ್ರೆ ಹಿಡಿಯುತ್ತದೆ, ಮದ್ದನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಹಂದಿಗೆ ಚುರುಕು ಮುಟ್ಟಿಸಿ ಓಡಿಸಬಹುದು, ಕೊಲ್ಲಲಾಗದು.

ಒಮ್ಮೆ ಕತ್ತರಿಸಿದ ಕಾಗದ ಬೆಳೆಯುವುದಿಲ್ಲ. ಆ ಮೇಲೆ ಗೌಡರೂ ಅಷ್ಟೆ, ಜೇವರ್ಗಿಯ ಅಳಿಯನೂ ಅಷ್ಟೆ, ಅದರಲ್ಲಿ ದೊಡ್ಡ ಗುಂಡು ಹಿಡಿಸಲಾರರು. ಚಾಚಾರನ್ನು ಕರೆಸಿ ಗಿಡ್ಡದೊಂದನ್ನು ಅಂಗೈಯಲ್ಲಿಟ್ಟೆ.

"ಎಲ್ಲಾ ಹಿಂಗೇ ಕತ್ತರಸ್ತೀನಿ ಚಾಚಾ. ಆದ್ರ ಗೌಡ್ರು ಕಾವಲು ಬಿಡಸ್ಯಾರು. ನೀವು ಹ್ಞೂಂ ಅಂದ್ರ ಮಾತ್ರ."

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಾವಲು ಹೋದ್ರ ಹ್ಯಾಂಗ ಅಂತ ಮನ್ಯಾಗ ನಿಮ್ಮ ಚಾಚೀನ್ನ ಕೇಳೇ ಬಂದೀನಿ. ಅಕಿ ಅಂದ್ಲು, ಉಪಾಸ ಇರಾಕ ಬರ್ತದ, ಖೂನ್ ತೊಳ್ಯಾಕ ಬರಾಂಗಿಲ್ಲ ಅಂತ. ಕತ್ತರ್ಸು."

ಮೂವತ್ತನ್ನೂ ಕತ್ತರಿಸಿದೆ. ಸಂಜೆಯೊಳಗೆ ಮುಗಿಯಿತು. ತಳದ ಸೋತ ಜಾಗಕ್ಕೆ ಬಲ ಬರಲೆಂದು ಒಳಗಡೆ ಇನ್ನೊಂದು ಸುತ್ತು ಕಾಗದ ಅಂಟಿಸಿದೆ. ಜೋಳದ ಹಿಟ್ಟಿನ ಅಂಟು. ಎರಡೇ ದಿನಕ್ಕೆ ಇರುವೆಗಳು ಸಾಲುಗಟ್ಟಿ ಬಂದು ಅಂಟನ್ನೆಲ್ಲ ನೆಕ್ಕಿಹಾಕಿದವು. ಮತ್ತೆ ಮೊದಲಿನಿಂದ, ಈ ಸಲ ಅಂಟಿಗೆ ಚೂರು ಮೈಲುತುತ್ತ ಬೆರೆಸಿ. ಬಾಯಿ ಮಡಚಲು ಹಿತ್ತಾಳೆಯ ಬಟ್ಟಲಿನಂಥದೊಂದು ಮಾಡಿ, ಅದರೊಳಗೆ ಅಡ್ಡ ಮೊಳೆ ಕೂರಿಸಿದೆ. ತೋಟಾದ ಮೇಲೆ ಒತ್ತಿ ತಿರುವಿದರೆ ಅಂಚು ಒಳಕ್ಕೆ ಸುರುಳಿಯಾಗುತ್ತಿತ್ತು. ನನ್ನ ಕೈಯಿಂದಾದ ಉಪಕರಣಗಳಲ್ಲಿ ಅದೊಂದನ್ನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇನೆ. ಹಳ್ಳದ ತಟ್ಟಿಗೆ ಮತ್ತೆ ಹಾರಿಸಿದೆವು. ತಟ್ಟಿಯ ತುಂಬ ಸಣ್ಣ ತೂತು, ಹಿಂದಿನ ಗಿಡದ ತೊಗಟೆಯಲ್ಲಿ ಛರ್ರೆ ಅರ್ಧ ಹುಗಿದು ನಿಂತಿದ್ದವು. ಕಾಗದ ಹರಿಯಲಿಲ್ಲ.

ಇಬ್ಬರೂ ಹೋಗಿ ಗೌಡರ ಮುಂದೆ ನಿಂತೆವು. ಅವರು ಗಿಡ್ಡ ತೋಟಾವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಏನಲೇ ಇದು? ಲಗ್ನದ ಪಟಾಕಿ?"

"ಹೌದ್ರಿ. ಎಲ್ಲಾನೂ ಕತ್ತರ್ಸೀನಿ. ಬೈಯೋದಿದ್ರ ನಂಗ ಬೈರಿ" ಎಂದೆ.

ಬೈಯಲಿಲ್ಲ. ಅದೇ ಹೆಚ್ಚು ಭಯ. ತೋಟಾವನ್ನು ನನ್ನ ಕೈಗೆ ಮರಳಿಸಿ, "ರಾಶಿ ಮಟ ನೋಡ್ತೀನಿ. ಹಂದಿ ತೆನಿ ಮುಟ್ಟಿದ್ವು ಅಂದ್ರ ಆವತ್ತೇ ಅಳಿಯಗ ಹೇಳಿ ಕಳಸ್ತೀನಿ" ಎಂದು ಒಳಗೆ ಹೋದರು. ಚಾಚಾ ಆವತ್ತಿನಿಂದ ಹೊಲ ಬಿಟ್ಟು ಕದಲಲಿಲ್ಲ. ಚಾಚಿ ರೊಟ್ಟಿಯನ್ನು ಅಲ್ಲಿಗೇ ಒಯ್ಯುತ್ತಿದ್ದಳು. ಒಂದು ಗಿಡ್ಡ ತೋಟಾ ಹಾರಿದರೆ ಹಂದಿಗಳು ಎರಡು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಗಿಡ್ಡವಾದರೂ ಆ ತೋಟಾಗಳ ಸದ್ದಿಗೇನೂ ಬಡತನವಿರಲಿಲ್ಲ.

ಸಂಕ್ರಾಂತಿ ಮುಗಿದು ವಾರವಾಗಿತ್ತು. ಜೋಳ ಆಳೆತ್ತರ ಮೀರಿತ್ತು, ತೆನೆ ಬಾಗಿತ್ತು. ಬೆಳಿಗ್ಗೆ ನಾನು ಬಾಯಿ ಮುಕ್ಕಳಿಸುತ್ತಿದ್ದಾಗ ಹೊಲದ ಕಡೆಯಿಂದ ಬಂದೂಕಿನ ಸದ್ದು ಕೇಳಿತು. ನಮ್ಮ ತೋಟಾ ಮಾತಾಡಿತು ಎಂದು ಹೆಂಡತಿಗೆ ಹೇಳಿ ನಕ್ಕೆ. ಸ್ವಲ್ಪ ಹೊತ್ತಿಗೆ ಗೌಡರ ಆಳು ಓಡಿ ಬಂದ.

"ಪತ್ತಾರ್ರ, ನಿಮ್ಮ ಚಿಮಟ ತಗೊಂಡು ಬರ್ಬೇಕಂತ್ರಿ. ಚಾಚಾ ಮನಷ್ಯಾರಿಗಿ ಹೊಡದಾನ."

ಓಡಿದೆ. ಗೌಡರ ಪಡಸಾಲೆಯಲ್ಲಿ ಮೂವತ್ತರ ಹೆಂಗಸೊಬ್ಬಳು ಗೋಡೆಗೊರಗಿ ಕೂತಿದ್ದಳು. ಎಡ ತೋಳು ರಕ್ತ. ಪಕ್ಕದಲ್ಲಿ ಅವಳ ಅತ್ತೆ, ಮುದುಕಿ, ಸೊಸೆಯ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಆಳಂದ ಕಡೆಯವರು. ಗಂಡಸರು ಮೊದಲೇ ಹೊಳೆ ದಾಟಿದ್ದರು. ಇವರಿಬ್ಬರೂ ಎರಡು ದಿನದಿಂದ ನಡೆದು ಬಂದು, ಕತ್ತಲಾಗುವವರೆಗೆ ನಮ್ಮ ಜೋಳದಲ್ಲಿ ಅಡಗಿ ಆಮೇಲೆ ಭೀಮೆ ದಾಟುವವರಿದ್ದರು. ಯಾರಿಗೆ ಹೆದರಿ ಬಂದಿರಿ ಎಂದು ಯಾರೂ ಕೇಳಲಿಲ್ಲ. ಆ ವರ್ಷ ಅದು ಕೇಳುವ ಪ್ರಶ್ನೆಯಾಗಿರಲಿಲ್ಲ.

ಚಾಚಾ ಎಂದಿನಂತೆ ಮೊದಲು ಕೂಗು ಹಾಕಿದ್ದರು, ಕವಣೆಯಿಂದ ಕಲ್ಲು ಬೀಸಿದ್ದರು. ಊರವರಾಗಿದ್ದರೆ ಓ ಎನ್ನುತ್ತಿದ್ದರು. ಇವರು ಗಂಡಸಿನ ಕೂಗು ಕೇಳಿ ಇನ್ನಷ್ಟು ಹೆದರಿ ಉಸಿರು ಹಿಡಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಮುದುಕಿಗೆ ನೀರು ತರಲೆಂದು ಸೊಸೆ ಬಾಗಿಕೊಂಡು ಬಾವಿಯ ಕಡೆ ಸರಿದಳು. ಕೂಗಿದರೆ ಸುಮ್ಮನಾಗಿ ಆಮೇಲೆ ಮೆಲ್ಲಗೆ ಕದಲುವುದು ಮರಿಯಿರುವ ಹೆಣ್ಣು ಹಂದಿಯ ಗುಣ. ಚಾಚಾ ಸಪ್ಪಳಕ್ಕೆ ಹಾರಿಸಿದರು.

ವೈದ್ಯರೆಂದರೆ ಅಫಜಲಪುರಕ್ಕೆ ಹೋಗಬೇಕು. ಆ ದಾರಿಯಲ್ಲಿ ಇವರನ್ನು ಕರೆದೊಯ್ಯುವುದು ಯಾರಿಗೂ ಬೇಡವಾಗಿತ್ತು. ಚಿಮಟವನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಚಳಿಗೆಂದು ಅವಳು ಕೌದಿಯನ್ನು ಎರಡು ಸುತ್ತು ಹೊದ್ದಿದ್ದಳು. ಛರ್ರೆಗಳಲ್ಲಿ ಬಹಳಷ್ಟು ಅದರ ಅರಿವೆಯ ಪದರಗಳಲ್ಲೇ ಸಿಕ್ಕಿಕೊಂಡಿದ್ದವು. ತೋಳಿನ ಮಾಂಸಕ್ಕೆ ಹೋದವು ಐದು. ಯಾವುದೂ ಎಲುಬು ಮುಟ್ಟಿರಲಿಲ್ಲ. ಅವಳು ಕೌದಿಯ ತುದಿ ಕಚ್ಚಿಕೊಂಡಳು. ಮೂಗುತಿಯ ಹರಳು ತೆಗೆಯುವ ಚಿಮಟದಿಂದ ಒಂದೊಂದೇ ತೆಗೆದೆ. ಗೌಡರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾಟು ಹಿಡಿದಿದ್ದರು. ಒಂದು ಬದಿ ಚಪ್ಪಟೆ ಇದ್ದ ಆ ಛರ್ರೆಗಳು ನಾನೇ ಕಲ್ಲಿನ ನಡುವೆ ಉರುಳಿಸಿದವು. ಕಣ್ಣಿನ ನೀರನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅರಿಶಿನ ಒತ್ತಿ ಅರಿವೆ ಕಟ್ಟಿದ ಮೇಲೆ ಅವಳೇ ಕೇಳಿದಳು, "ಹೊಡದೋರು ಯಾರ್ರಿ?"

ಚಾಚಾ ಹೊಸ್ತಿಲ ಹೊರಗೆ ಮಣ್ಣಲ್ಲಿ ಕೂತಿದ್ದರು. ಬಂದೂಕನ್ನು ಗೌಡರ ಹೊಸ್ತಿಲಿಗೆ ಅಡ್ಡ ಇಟ್ಟಿದ್ದರು. ಎದ್ದು ಬಂದು ಅವಳ ಮುಂದೆ ಕೈ ಜೋಡಿಸಿ ನಿಂತರು.

"ಏನಜ್ಜಾ," ಎಂದಳು ಅವಳು, ಆ ನೋವಿನಲ್ಲೂ, "ನಾ ಅಷ್ಟು ದಪ್ಪ ಅದೀನೇನು, ಹಂದಿ ಅಂದ್ಕೊಳ್ಳಾಕ?"

ಅವಳ ಅತ್ತೆ ಅಳುತ್ತಲೇ ನಕ್ಕಳು. ಚಾಚಾ ಮಾತ್ರ ತಲೆ ಎತ್ತಲಿಲ್ಲ. "ಗೌಡ್ರ, ಬಂದೂಕ ಒಳಗ ಇಡ್ರಿ. ಜೇವರ್ಗಿಗಿ ಹೇಳಿ ಕಳಸ್ರಿ. ನನ್ನ ಕೈಲಿ ಆಗಾಂಗಿಲ್ಲ" ಎಂದರು.

ಗೌಡರು ತಾಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಒಂದು ಛರ್ರೆಯನ್ನು ಬೆರಳಿನಿಂದ ಅತ್ತಿತ್ತ ಉರುಳಿಸುತ್ತಿದ್ದರು.

"ಆ ಜಾಲಿ ಗಿಡ ಕಣ್ಣಮುಂದ ಬಂತು ಚಾಚಾ," ಎಂದರು. "ನಾ ಹೇಳಿದ್ದು ಕೇಳಿದ್ರ ಈ ತಂಗಿ ಇವತ್ತ ಇರ್ತಿದ್ದಿಲ್ಲ." ಎದ್ದು ಹೊಸ್ತಿಲಿನಿಂದ ಬಂದೂಕು ಎತ್ತಿ ಚಾಚಾರ ಕೈಯಲ್ಲಿ ಒತ್ತಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಪತ್ತಾರ, ಉಳದಾವಲ್ಲ ತೋಟಾ, ಅವನ್ನ ಇನ್ನಾ ಒಂದು ಬಟ್ಟು ಗಿಡ್ಡ ಮಾಡು."

ಕತ್ತಲಾದ ಮೇಲೆ ಗೌಡರು ತಾವೇ ಆ ಇಬ್ಬರನ್ನೂ ಹೊಳೆ ದಾಟಿಸಿ ಬಂದರಂತೆ. ನಾನು ಅದನ್ನು ನೋಡಲಿಲ್ಲ. ಆ ಮಧ್ಯಾಹ್ನವೇ ಚೂರಿ ಮಸೆದು ಕೂತಿದ್ದೆ. ಚಾಚಾ ಎದುರಿಗೆ ಕೂತು ತೋಟಾಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತಿದ್ದರು, ನಾನು ಕತ್ತರಿಸುತ್ತಿದ್ದೆ.